ಎಲ್ಲವ್ವನ ಏಳು ತಗಡು

ಅಥವಾ ತಗಡು ಹುಡುಕಿಕೊಂಡೇ ನಾನು ಭಾಂಡುಪ್‌ಗೆ ಹೋಗಿದ್ದೆನೇ? ಸದಾನಂದ ಹಾಗೆನ್ನುತ್ತಾನೆ. ಮನೆ ಕಳೆದುಕೊಂಡ ಜನರನ್ನು ನೋಡಲು ಹೋಗಿದ್ದೆ ಎಂಬುದು ನನ್ನ ನೆನಪು. ನೆನಪು ನನ್ನನ್ನು ಒಳ್ಳೆಯವನನ್ನಾಗಿ ಮಾಡಿದಾಗಲೆಲ್ಲ ನಾನು ಅದನ್ನು ನಂಬುವುದಿಲ್ಲ.

ಗುರುವಾರ ಬೆಳಿಗ್ಗೆ ಧಾರವಾಡದಿಂದ ಬಂದು ದಾದರಿನಲ್ಲಿ ಇಳಿದೆ, ಅಲ್ಲಿಂದ ಫೋರ್ಟ್. ಸದಾನಂದ ಅಲ್ಲಿಯ ಉಡುಪಿ ಹೋಟೆಲೊಂದರ ಮ್ಯಾನೇಜರ್. ನಿರಾಶ್ರಿತರ ಕುರಿತ ನಾಟಕವೊಂದನ್ನು ಶನಿವಾರ ಆಡಿಸುವವನಿದ್ದ. ರಂಗಸಜ್ಜಿಕೆ ನನ್ನದು. ಇಡ್ಲಿ ತಿನ್ನುತ್ತ ನಕ್ಷೆ ತೋರಿಸಿದೆ: ಮನೆಯಿಲ್ಲ, ಬಾಗಿಲಿಲ್ಲ, ಓರೆಯಾಗಿ ನಿಂತ ತೂತು ತಗಡುಗಳು ಮಾತ್ರ.

“ಸಿಂಬಾಲಿಕ್ಕಾ? ಆಯ್ತು ಮಾರಾಯ. ಟೆಂಪೋದಲ್ಲಿ ಹಿಡಿದರೆ ಸಾಕು,” ಎಂದ.

ಹತ್ತು ರೂಪಾಯಿ ಟಿಕೆಟ್, ಸ್ಲೋ ಲೋಕಲ್, ಸುಮಾರು ಒಂದು ಗಂಟೆ. ಮಳೆಗಾಲದ ಮುಂಚಿನ ಸೆಕೆ. ಭಾಂಡುಪ್‌ನ ಗುಡ್ಡದ ಬುಡದಲ್ಲಿ, ಗುಡಿಸಲುಗಳು ತೆರವಾಗಿದ್ದ ಜಾಗದ ಎದುರು, ವಿಜಯಪುರ ಕಡೆಯ ಎಲ್ಲವ್ವ ಏಳು ತಗಡುಗಳನ್ನು ಹಗ್ಗದಿಂದ ಬಿಗಿದು ಅವುಗಳ ಮೇಲೇ ಕುಳಿತಿದ್ದಳು. ಕಟ್ಟಡ ಕೆಲಸದವಳು. ನಾಟಕಕ್ಕೆಂದು ಆ ತಗಡುಗಳನ್ನು ಕೇಳಿದೆ.

“ಆಟಕ್ಕ ನಮ್ಮ ಹಳೇ ತಗಡ ಯಾಕ್ರೀ? ಹೊಸಾವು ಸಿಗೂದಿಲ್ಲೇನು?”

“ಹಳೆಯವೇ ಬೇಕು.”

“ಒಯ್ರಿ. ಶನಿವಾರ ಸಂಜೀಗೆ ಕೈಯಾಗ ಕೊಡ್ರಿ. ರವಿವಾರ ಮನಿ ನಿಂದ್ರಬೇಕು. ವಿಕ್ರೋಳಿ ಹಂತ್ಯಾಕ ನಮ್ಮಣ್ಣ ಜಾಗಾ ಹಿಡದಾನ. ತಡಾ ಆದ್ರ ಬ್ಯಾರೇದಾವ್ರು ಬಂದ ಕುಂಡ್ರತಾರ.”

ಶುಕ್ರವಾರ ನಾಟಕದ ಹಾಲ್‌ನಲ್ಲಿ ತಗಡುಗಳನ್ನು ಬಿಚ್ಚಿದಾಗ ಅಂಚಿನುದ್ದಕ್ಕೂ ಡಾಂಬರಿನ ಗೀಟು, ಚುಕ್ಕಿಗಳು ಕಂಡವು. ನೋಡಿದಾಗಲೆಲ್ಲ ಕಣ್ಣು ಅಲ್ಲೇ ಹೋಗುತ್ತಿತ್ತು. ಎರಡೂ ಬದಿಗೆ ಬೂದಿ ಬಣ್ಣ ಬಳಿದೆ.

ಶನಿವಾರ ಮಧ್ಯಾಹ್ನದ ಪ್ರದರ್ಶನ. ಮೊಳೆಯ ತೂತುಗಳಿಂದ ಹಿಂದಿನ ಬೆಳಕು ಸೋರಿ ಬಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಐದೂವರೆಗೆ ಎಲ್ಲವ್ವ ಟೆಂಪೋ ತಂದಳು. ಒಂದು ತಗಡನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು.

“ಗುರುತು ಎಲ್ಲಿ ಹೋದ್ವು?”

ಮನೆ ಬಿಚ್ಚುವ ಮುಂಚೆ ಗುಡಿಸಲಿನವರು ಗುರುತು ಹಾಕುತ್ತಾರೆ: ಯಾವ ತಗಡು ಯಾವುದರ ಮೇಲೆ ಕೂರಬೇಕು ಎಂದು. ಆ ಕ್ರಮದಲ್ಲಿ ಮಾತ್ರ ತೂತಿಗೆ ತೂತು ಕೂಡುತ್ತದೆ. ಹೊಸ ಮೊಳೆ ಹೊಡೆದರೆ ಹಳೆಯ ತೂತುಗಳೆಲ್ಲ ಮಳೆಗೆ ಬಾಯಿ ತೆರೆದಿರುತ್ತವೆ. ಅವಳ ಮನೆ ಮೂರು ಸಲ ಬಿದ್ದು, ಮೂರು ಸಲ ಹೀಗೆ ಎದ್ದಿತ್ತು.

“ಸಾರಿ ಮಾವ್ಶಿ,” ಎಂದ ಸದಾನಂದ, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ.

“ನಿನ್ನ ಸಾರಿ ತಗೊಂಡು ತೂತಿಗೆ ತುಂಬ್ಲೇನೋ?” ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದಳು. “ನೀವು ಹಿಂದ ನಿಂದ್ರಿ. ಲೈಟ್ ಹಿಡೀರಿ.”

ವೇದಿಕೆಯ ಮೇಲೆಯೇ ತಗಡಿನ ಅಂಚಿಗೆ ತಗಡಿನ ಅಂಚು ಹೊಂದಿಸುತ್ತ ಹೋದೆವು. ಬೆಳಕು ಎರಡನ್ನೂ ದಾಟಿ ಬಂದರೆ ಅವಳು ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದಳು. ಐದು ಕೂಡಿದವು. ಎರಡು ಕೂಡಲಿಲ್ಲ. ಏಳೂವರೆಗೆ ಹಾಲ್ ಖಾಲಿ ಮಾಡಬೇಕಿತ್ತು. ನಾಳೆ ಬಂದು ಕೈ ಜೋಡಿಸುತ್ತೇನೆ ಎಂದೆ.

“ಬ್ಯಾಡ್ರಿ. ಮತ್ತ ಚಂದ ಮಾಡೀರಿ,” ಎಂದು ನಕ್ಕಳು. ಅಥವಾ ನಗಲಿಲ್ಲ.

ಭಾನುವಾರ ಬೆಳಿಗ್ಗೆ ವಿಕ್ರೋಳಿಗೆ ಹೋಗಿಬರುವಷ್ಟು ಸಮಯವಿತ್ತು, ಹೋಗಲಿಲ್ಲ. ನನ್ನ ರೈಲು ಕಲ್ಯಾಣ್ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಉಳಿದೆರಡು ತಗಡುಗಳನ್ನು ಅವಳು ಎಲ್ಲಿ ಕೂಡಿಸಿದಳು, ಮನೆ ಅಂದು ನಿಂತಿತೇ, ಆ ಜಾಗ ಅವಳಿಗೆ ಉಳಿಯಿತೇ, ನನಗೆ ಗೊತ್ತಿಲ್ಲ.