ನಿಂತವರಿಗೊಂದು ಕುರ್ಚಿ

ಶಾಸಕಿ ಬಿದ್ದದ್ದು ಕುರ್ಚಿಯಿಂದ. ರಾಜಕೀಯದಲ್ಲಿ ಇದೇನೂ ಹೊಸ ಸುದ್ದಿಯಲ್ಲ. ಆದರೆ ಇವರು ನಿಜವಾಗಿಯೂ ಬಿದ್ದರು. ಅಂಗಡಿ ಮಾಲೀಕರ ಸಂಘದವರು ಸನ್ಮಾನಕ್ಕೆಂದು ತರಿಸಿದ್ದ ಸಿಂಹಾಸನದಂಥ ಕುರ್ಚಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಬಿಚ್ಚಿರಲಿಲ್ಲ. ಸಭೆ ಮುಗಿದ ಮೇಲೆ ಅದನ್ನು ತಂದಲ್ಲಿಗೇ ವಾಪಸು ಕೊಡಬೇಕಿತ್ತು, ಕೊಳೆಯಾಗಬಾರದು. ಶಾಸಕಿ ಹೂಗುಚ್ಛ ಹಿಡಿದು, ನಗುನಗುತ್ತಾ, ಹಿಂದೆ ನೋಡದೆ ಕೂತರು. ಕೂತ ಭಂಗಿಯಲ್ಲೇ ಮೆಲ್ಲಗೆ ಮುಂದಕ್ಕೆ ಜಾರಿ, ವೇದಿಕೆಯ ಹಲಗೆಯ ಮೇಲೆ ಕಾಲು ಚಾಚಿಕೊಂಡು ನೆಲೆಯಾದರು. ಹೂಗುಚ್ಛ ಮಾತ್ರ ಎದೆಯ ಮೇಲೆ ಹಾಗೇ ಇತ್ತು.

ಚಪ್ಪಾಳೆ ಹೊಡೆಯುತ್ತಿದ್ದವರಿಗೆ ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯಲಿಲ್ಲ. ಆ ಗೊಂದಲದ ನಡುವೆ ಸಭಾಂಗಣದ ಕೊನೆಯಿಂದ ಒಂದು ದನಿ ಕೇಳಿತು: "ಏನೇ, ಪೆಟ್ಟಾಯ್ತೇನೇ?"

ಶಾಸಕಿಯನ್ನು 'ಏನೇ' ಎಂದವಳು ಅವರ ಅಕ್ಕ. ಆಮೇಲೆ ಇಡೀ ಸಭೆ ನಕ್ಕಿತು. (ಅಧಿಕಾರಕ್ಕೆ ಬಹುವಚನ, ಅಕ್ಕನಿಗೆ ಏಕವಚನ. ನಾನೂ ಇಲ್ಲಿ ಅದನ್ನೇ ಮಾಡುತ್ತಿದ್ದೇನೆ. ನಮ್ಮ ವ್ಯಾಕರಣಕ್ಕೂ ಯಾರಿಗೆ ಕುರ್ಚಿ ಹಾಕಬೇಕೆಂದು ಗೊತ್ತು.) ಅಕ್ಕ ಹಿಂದಿನ ಗೋಡೆಯ ಬಳಿ, ಅಂಗಡಿಯ ಸಮವಸ್ತ್ರದಲ್ಲಿ, ತನ್ನಂಥ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಹಾಕಿದ್ದ ಕುರ್ಚಿಗಳೆಲ್ಲ ಮಾಲೀಕರಿಗೆ ಸಾಕಾಗಿದ್ದವು. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಟ್ಟ ಹೊಸ ಕಾಯಿದೆಯ ಸಂಭ್ರಮವನ್ನು ಅಂಗಡಿ ಕೆಲಸಗಾರರು ನಿಂತೇ ನೋಡಿದರು.

ಶಾಸಕಿಯೂ ಒಂದು ಕಾಲದಲ್ಲಿ ಅದೇ ದೊಡ್ಡ ಬಟ್ಟೆ ಅಂಗಡಿಯವರು. ಅಕ್ಕ ಪರದೆ ಬಟ್ಟೆಯ ವಿಭಾಗದಲ್ಲಿ, ತಂಗಿ ಬಿಲ್ಲಿನ ಕೌಂಟರಿನಲ್ಲಿ. ಇಡೀ ಅಂಗಡಿಯಲ್ಲಿ ಬಿಲ್ಲು ಹಾಕುವವರಿಗೆ ಮಾತ್ರ ಒಂದು ಎತ್ತರದ ಸ್ಟೂಲು. ತಂಗಿಯನ್ನು ಕಾಲೇಜಿಗೆ ಕಳಿಸಿದ್ದು ಅಕ್ಕನ ಸಂಬಳ. ಕಾಲೇಜು ಕಲಿತದ್ದಕ್ಕೆ ತಂಗಿಗೆ ಸಿಕ್ಕಿದ್ದು ಆ ಸ್ಟೂಲು. ಹೀಗೆ ಶಟರ್ ಎತ್ತಿದಾಗಿನಿಂದ ಇಳಿಸುವ ತನಕ ಅಕ್ಕ ನಿಲ್ಲುವುದನ್ನು ತಂಗಿ ಕೂತು ನೋಡಿದಳು.

ಗಿರಾಕಿ ಇರಲಿ ಬಿಡಲಿ, ಅಲ್ಲಿ ಕೂರುವಂತಿರಲಿಲ್ಲ, ಗೋಡೆಗೆ ಒರಗುವಂತೆಯೂ ಇರಲಿಲ್ಲ. ಕೆಲಸದವರು ಕೂತದ್ದು ಕಂಡರೆ ವ್ಯಾಪಾರ ಮಲಗಿದೆ ಅನಿಸುತ್ತದಂತೆ. ಹೆಂಗಸರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಾಲು ತೀರಾ ಸೇದತೊಡಗಿದಾಗ ಬಟ್ಟೆಯ ಸುರುಳಿಯೊಂದನ್ನು ಬೇಕೆಂದೇ ಕೆಳಗೆ ಬೀಳಿಸುವುದು, ಅದನ್ನು ಸುತ್ತುವ ನೆಪದಲ್ಲಿ ನೆಲದ ಮೇಲೆ ಕೂತುಬಿಡುವುದು. ಸುರುಳಿ ಉದ್ದವಿದ್ದಷ್ಟೂ ಸುಖ. ಮೇಲ್ವಿಚಾರಕನಿಗೆ ಅದು ಗೊತ್ತಿಲ್ಲದ್ದೇನಲ್ಲ. ಎಲ್ಲರೂ ಸಿಸಿಟಿವಿ ಎಂದು ಕರೆಯುತ್ತಿದ್ದ ಆ ಮನುಷ್ಯ ಬಂದು ನಿಂತು, "ಇವತ್ತು ಭೂಮಿ ಬಹಳ ಎಳೀತಾ ಇದೆ, ಅಲ್ವಾ?" ಎನ್ನುತ್ತಿದ್ದ.

ಅಕ್ಕನ ಮೀನಖಂಡದ ನರಗಳು ಉಬ್ಬಿ ನೀಲಿಯಾಗಿ ಗಂಟು ಕಟ್ಟಿಕೊಂಡವು. ಡಾಕ್ಟರು, "ಹೆಚ್ಚು ನಿಲ್ಲಬೇಡಿ" ಎಂದರು. ಅಕ್ಕ, "ಆಗಲಿ" ಎಂದು ಎದ್ದು ಕೆಲಸಕ್ಕೆ ಹೋದಳು.

ತಂಗಿ ಸ್ಟೂಲಿನಿಂದ ಇಳಿದದ್ದು ಆಗಲೇ. ಕೆಲಸಗಾರರ ಸಂಘ ಕಟ್ಟಿದರು, ಕೆಲಸ ಕಳೆದುಕೊಂಡರು, ಭಾಷಣ ಕಲಿತರು. ಗೆಲ್ಲುವ ನಂಬಿಕೆಯಿಲ್ಲದ ಕ್ಷೇತ್ರಕ್ಕೆ ಪಕ್ಷವೊಂದು ಹೆಸರು ಹುಡುಕುತ್ತಿತ್ತು. ಇವರ ಹೆಸರು ಸಿಕ್ಕಿತು. ಇವರು ಕೊಟ್ಟ ಭರವಸೆ ಮೂರೇ ಮೂರು: ಕೂರಲು ಕುರ್ಚಿ, ಮಾಲೀಕರು ಬೀಗ ಹಾಕದ ಶೌಚಾಲಯ, ಕತ್ತಲಾಗುವ ಮುಂಚೆ ಮನೆ. ಅಕ್ಕ ಮತ್ತು ಪರದೆ ವಿಭಾಗದ ಹೆಂಗಸರು ರಜೆಯ ದಿನಗಳಲ್ಲಿ ಬೀದಿ ಬೀದಿ ಅಲೆದು, ಅದೇ ಕಾಲುಗಳ ಮೇಲೆ ನಿಂತು, ತಂಗಿಯನ್ನು ಗೆಲ್ಲಿಸಿದರು.

ಸದನದಲ್ಲಿ ಇವರಿಗೆ ಕೊನೆಯ ಸಾಲು. ಕುರ್ಚಿಯ ಮಾತೆತ್ತಿದಾಗಲೆಲ್ಲ ನಗು. "ನಮಗೇ ಕುರ್ಚಿ ಸಾಲ್ತಿಲ್ಲ, ಹೊರಗಿನವರಿಗೂ ಕೇಳ್ತೀರಲ್ಲ ತಾಯಿ!" ಎಂದು ಒಬ್ಬರು. "ಈ ವಿಷಯದಲ್ಲಿ ಪಕ್ಷದ ನಿಲುವೇನು?" ಎಂದು ಇನ್ನೊಬ್ಬರು. "ನಿಲುವಲ್ಲ, ನಿಲ್ಲುವುದೇ ತೊಂದರೆ ಅಂತ ಹೇಳ್ತಿದ್ದೀನಿ" ಎಂದರು ಶಾಸಕಿ. 'ಕುರ್ಚಿಯಮ್ಮ' ಎಂಬ ಹೆಸರು ಬಿತ್ತು. ಅವರು ಬಿಡಲಿಲ್ಲ. ಅಧಿವೇಶನದ ಮೇಲೆ ಅಧಿವೇಶನ ಅದೇ ರಾಗ ಎಳೆದರು. ಕಡೆಗೆ, ಶಾಸನದಿಂದಲೇ ಆಸನ ಸಿಗಲಿ ಎಂದು ಬೇಸತ್ತವರೂ ಒಪ್ಪಿ ಮಸೂದೆ ಪಾಸಾಯಿತು. ಅಕ್ಕ ಟಿವಿಯ ಮುಂದೆ ಕೂತು ಅತ್ತಳು.

ಸನ್ಮಾನದ ಸಭೆಯಲ್ಲಿ ಶಾಸಕಿ ಎದ್ದು ಬಟ್ಟೆ ಸರಿಮಾಡಿಕೊಂಡ ಮೇಲೆ ಮಾಲೀಕರ ಸಂಘದ ಅಧ್ಯಕ್ಷರು ಮಾತಾಡಿದರು. "ಇವರು ಕೆಲಸಗಾರರಿಗೆ ಕುರ್ಚಿ ಕೊಟ್ಟರು, ನಮಗೆ ಹೊತ್ತು ಕೊಟ್ಟರು. ಎರಡು ಕಡೆಗೂ ನ್ಯಾಯ!" ಮಾಲೀಕರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊತ್ತು ಎಂದರೇನೆಂದು ಶಾಸಕಿಗೆ ಅರ್ಥವಾಗಲಿಲ್ಲ. ಕಾರಿನಲ್ಲಿ ತಮ್ಮ ಸಹಾಯಕನನ್ನು ಕೇಳಿದರು.

"ಅದೇ ಮೇಡಂ, ಅಂಗಡಿ ವೇಳೆ ತಿದ್ದುಪಡಿ. ಇನ್ನು ರಾತ್ರಿ ಊಟದ ಹೊತ್ತು ಮೀರಿದರೂ ಅಂಗಡಿ ತೆರೆದಿಡಬಹುದು. ನಿಮ್ಮ ಮಸೂದೆ ಪಾಸಾದ ದಿನವೇ ಅದೂ ಆಯ್ತಲ್ಲ. ಒಂದೇ ಒಂದು ವಿರೋಧವೂ ಬರಲಿಲ್ಲ."

ಶಾಸಕಿ ಕಿಟಕಿಯ ಗಾಜು ಇಳಿಸಿದರು.

ಮರುದಿನ ಪತ್ರಿಕೆಯೊಂದು ಅವರನ್ನು ಹೊಗಳಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಪಡೆದ ಪಳಗಿದ ರಾಜಕಾರಣಿಯಂತೆ. ವೇಳೆ ಬಿಟ್ಟುಕೊಟ್ಟು ಕುರ್ಚಿ ಗೆದ್ದರಂತೆ. ಪಕ್ಷದ ಹಿರಿಯರು ಫೋನ್ ಮಾಡಿ, "ವ್ಯಾಪಾರ ಕಲಿತುಬಿಟ್ಟೆಯಲ್ಲಮ್ಮ" ಎಂದರು. ಶಾಸಕಿ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. 'ಸಾಧನೆಗಳು' ಎಂಬ ಹೆಸರಿನ ಕಿರುಪುಸ್ತಕ ಅಚ್ಚಿಗೆ ಹೋಯಿತು. ಅದರಲ್ಲಿ ಕುರ್ಚಿಯ ಚಿತ್ರವಿತ್ತು. ಕತ್ತಲಾಗುವ ಮುಂಚೆ ಮನೆ ಎಂಬ ಮೂರನೇ ಭರವಸೆಯ ಮಾತೇ ಇರಲಿಲ್ಲ.

ಕೆಲವು ವಾರಗಳ ನಂತರ ಅವರು ಹಳೆಯ ಅಂಗಡಿಗೆ ಹೋದರು. ಪರದೆ ವಿಭಾಗದಲ್ಲಿ ಕುರ್ಚಿಯೇನೋ ಬಂದಿತ್ತು. ಅದರ ಮೇಲೆ ಚಡ್ಡಿ, ಪಟ್ಟೆ ಅಂಗಿ ತೊಟ್ಟ ಮಕ್ಕಳ ಗೊಂಬೆಯೊಂದು ಕಾಲ ಮೇಲೆ ಕಾಲು ಹಾಕಿ ಕೂತಿತ್ತು.

"ಇದೇನ್ರೀ?" ಎಂದರು ಶಾಸಕಿ.

"ಕುರ್ಚಿ ಒದಗಿಸಬೇಕು ಅಂತಿದೆ, ಒದಗಿಸಿದ್ದೀವಿ ಮೇಡಂ," ಎಂದ ಸಿಸಿಟಿವಿ. "ಗಿರಾಕಿ ಇಲ್ಲದಾಗ ಕೂರಬಹುದು ಅಂತಲೂ ಇದೆ. ಈಗ ಹೊತ್ತು ಜಾಸ್ತಿಯಾಯ್ತಲ್ಲ, ಗಿರಾಕಿ ತಪ್ಪೋದೇ ಇಲ್ಲ. ನಿಮ್ಮ ದಯ."

ಮೂಲೆಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಚೆಲ್ಲಿದ ಬಟ್ಟೆಯ ಸುರುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಶಾಸಕಿಯನ್ನು ಕಂಡು ಏಳಲಿಲ್ಲ. "ಕಾಯಿದೆ ಮಾಡಿದವರು ಬಂದ್ರು ನೋಡ್ರೇ," ಎಂದಳು ಯಾರಿಗೋ. "ಕಾಯೋದೇ ನಮ್ಮ ಕಾಯಿದೆ. ನಮ್ಮ ಮಕ್ಕಳು ಊಟಕ್ಕೆ ಕಾಯ್ತಾವೆ, ನಾವು ಬಸ್ಸಿಗೆ ಕಾಯ್ತೀವಿ."

"ಬಾಯಿ ಮುಚ್ಚೇ," ಎಂದು ಅಕ್ಕ ಪರದೆಗಳ ನಡುವಿನಿಂದ ಗದರಿದಳು. "ಅವಳು ಸುಮ್ಮನೆ ಕೊಟ್ಟಿದ್ದಲ್ಲ. ಅವರು ಅವಳ ಕತ್ತು ಹಿಡಿದಿದ್ರು. ಹೊತ್ತಿಗೆ ಒಪ್ಪಿದ್ರೆ ಕುರ್ಚಿ, ಇಲ್ಲಾಂದ್ರೆ ಅದೂ ಇಲ್ಲ ಅಂದ್ರು. ಏನು ಮಾಡ್ತಿದ್ದೆ ನೀನು?"

ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಓದಿದ್ದಕ್ಕೆ ತನ್ನ ಕಡೆಯಿಂದ ಅಂಚು ಹೊಲಿದು ಉದ್ದ ಮಾಡಿದ್ದಳು. ಆದರೆ ಅಂಗಡಿಯಲ್ಲಿ ಅವಳು ತಲೆಯೆತ್ತಿ ಓಡಾಡುತ್ತಿದ್ದುದೇ ಆ ಕಥೆಯ ಆಸರೆಯಿಂದ. ವೋಟು ಕೇಳಲು ಹೆಂಗಸರನ್ನು ಬೀದಿಗೆ ಕರೆದೊಯ್ದವಳು ಅವಳೇ; ಚುಚ್ಚುಮಾತು ಕೇಳುವವಳೂ ಈಗ ಅವಳೇ. ಊಟದ ಡಬ್ಬಿ ಬಿಚ್ಚುವಾಗ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಶಾಸಕಿ ಅಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು, ಒಂದು ಪರದೆಯ ಬೆಲೆ ವಿಚಾರಿಸಿ ಹೊರಟುಬಂದರು.

ಅಕ್ಕನೇ ಹೇಳಿಕಳಿಸಿದಳು: ವಾರದ ರಜೆಯ ಬೆಳಿಗ್ಗೆ ಮನೆಗೆ ಬಾ, ಒಬ್ಬಳೇ ಬಾ, ಕಾರು ಬೀದಿಯ ತುದಿಯಲ್ಲೇ ಇರಲಿ.

ಅಡುಗೆಮನೆಯಲ್ಲಿ ಅಕ್ಕ ಕಾಲಿಗೆ ಪಟ್ಟಿ ಸುತ್ತಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಮೇಜಿನ ಬಳಿ ಪರದೆ ವಿಭಾಗದ ಇಬ್ಬರು ಹಳಬರು ಮತ್ತು ಆ ಬಾಯಿಬಡುಕಿ ಹುಡುಗಿ. ಭಾವ ಚಹಾ ತಂದಿಟ್ಟು, "ಸದನ ಸೇರಿದೆ, ನನಗೆ ಪ್ರವೇಶವಿಲ್ಲ" ಎಂದು ಹೊರಗೆ ಹೋದರು. ಯಾರೂ ನಗಲಿಲ್ಲ.

"ನಾನು ಹೇಳಿದ್ರೆ ಇವರು ನಂಬಲ್ಲ," ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತಾ. "ಅಕ್ಕ ಅಲ್ವಾ, ತಂಗಿ ಪರ ಮಾತಾಡ್ತಾಳೆ ಅಂತಾರೆ. ನೀನೇ ಹೇಳಿಬಿಡು. ಬೈಸಿಕೊಂಡ್ರೂ ಪರವಾಗಿಲ್ಲ, ವಿಷಯ ಏನೂಂತ ತಿಳಿದು ಬೈಯಲಿ."

"ಏನು ಹೇಳ್ಲಿ ಅಕ್ಕ?"

"ಆ ಅಂಗಡಿ ವೇಳೆ ಮಸೂದೆಗೆ ನೀನು ಹೌದು ಅಂದಿದ್ದು ಕುರ್ಚಿ ಸಿಗಲಿ ಅಂತ ತಾನೇ? ಅಷ್ಟು ಹೇಳು, ಸಾಕು."

ಹೌದು ಎಂದರೆ ಮುಗಿದುಹೋಗುತ್ತಿತ್ತು. ಪತ್ರಿಕೆ ಅದನ್ನೇ ಬರೆದಿತ್ತು, ಪಕ್ಷ ಅದನ್ನೇ ನಂಬಿತ್ತು. ಹುಡುಗಿ ಕೂಡ ಲೋಟ ಕೆಳಗಿಟ್ಟು, ಮನಸ್ಸು ಬದಲಿಸಲು ಸಿದ್ಧಳಾದವಳಂತೆ ನೋಡುತ್ತಿದ್ದಳು. ಶಾಸಕಿ ಅಕ್ಕನ ಮುಖ ನೋಡಿದರು.

"ಇಲ್ಲ ಕಣಕ್ಕ," ಎಂದರು. "ಕುರ್ಚಿ ಆಗಲೇ ಪಾಸಾಗಿತ್ತು. ಎಲ್ಲರೂ ಬಂದು ನನ್ನ ಕೈ ಕುಲುಕ್ತಿದ್ರು. ಅಷ್ಟರಲ್ಲಿ ಇನ್ನೊಂದೇನೋ ಓದಿದ್ರು, ಎಲ್ಲರೂ ಹೌದು ಅಂದ್ರು, ನಾನೂ ಅಂದೆ. ಅದು ಏನು ಅಂತ ನಾನು ಕೇಳಿಸಿಕೊಳ್ಳಲೇ ಇಲ್ಲ."