ಭರತರಾಜರ ವಾಯಿದೆ

ಗುರುವಾಯನಕೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಭರತರಾಜರ ಎದುರು ಪಿಸುಗುಟ್ಟಿ ಪ್ರಯೋಜನವಿಲ್ಲ; ಕಿವಿ ಕೇಳದಿದ್ದರೂ ರಸ್ತೆಯ ಆಚೆ ಬದಿಯ ತುಟಿಗಳನ್ನೂ ಅವರು ಓದಿಬಿಡುತ್ತಾರೆ. ಆಸ್ಪತ್ರೆಯಿಂದ ಮರಳಿದವರು ಸಿಕ್ಕರೆ ಕ್ಷೇಮ ವಿಚಾರಿಸುವ ಮೊದಲೇ, "ಕೇಸ್ ಶೀಟಿನ ಕಾಪಿ ತೆಗೊಂಡ್ರಾ ಮಾರಾಯ್ರೆ? ಅದು ನಿಮ್ಮ ಹಕ್ಕು!" ಎಂದು ಇಡೀ ಪೇಟೆಗೆ ಕೇಳುವಂತೆ ಗದರುತ್ತಾರೆ. ಜ್ವರಕ್ಕೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಮಿತಿಮೀರಿ ಕೊಟ್ಟ ಇಂಜೆಕ್ಷನ್ ಅವರ ಎರಡೂ ಕಿವಿಗಳನ್ನು ನುಂಗಿತ್ತು. ಪರಿಹಾರ ಕೇಳಿ ಮಂಗಳೂರಿನ ಗ್ರಾಹಕರ ಆಯೋಗಕ್ಕೆ ಹೋದವರು ಮದುವೆಯ ಸೀಸನ್ನಿನಲ್ಲೂ ಒಂದೂ ವಾಯಿದೆ ತಪ್ಪಿಸಿದವರಲ್ಲ. ಅವರ ವಕೀಲೆ ಸುರಕ್ಷಾ, "ಆಸ್ಪತ್ರೆಯವರು ದುಡ್ಡು ಕೊಡ್ತಾರಂತೆ, ತಪ್ಪು ಮಾತ್ರ ಒಪ್ಪುವುದಿಲ್ಲ. ರಾಜಿ ಮಾಡುವನಾ?" ಎಂದಾಗ ಮಾತ್ರ ಅವರಿಗೆ ಆ ತುಟಿಗಳು ಅರ್ಥವಾಗುವುದಿಲ್ಲ. ಸಭೆಗೆ ಮುಂಚೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ಅದರ ಕಂಪನದಿಂದಲೇ ಸ್ವರ ಹೊಂದಿಸುವ ಅವರು, ಕಿವಿ ಹೋದ ಮೇಲೆ ಹುಟ್ಟಿದ ಮೊಮ್ಮಗಳು ಅಕ್ಷಯಾ ನಗುವಾಗ ಅವಳ ಬೆನ್ನ ಮೇಲೂ ಹಾಗೆಯೇ ಅಂಗೈ ಇಡುತ್ತಾರೆ. ಕಳೆದ ವಾಯಿದೆಯಲ್ಲಿ ಸುರಕ್ಷಾ ಸೋತು, "ಹಾಗಾದರೆ ನಿಮಗೆ ಬೇಕಾದ್ದು ಎಂತ?" ಎಂದು ಕೇಳಿದಳು. "ಪರಿಹಾರ ಬೇಕು, ಅದು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ತಪ್ಪಾಯಿತು ಅಂತ ಆ ಡಾಕ್ಟ್ರು ನನ್ನೆದುರು ನಿಂತು ಹೇಳ್ಬೇಕು ಮೇಡಂ," ಎಂದರು ಭರತರಾಜರು, "ಮಾಸ್ಕ್ ತೆಗೆದು."