ಹೊಸ ಲಿನಕ್ಸ್ ಮುಂದೆ ಮಹಾಂತಯ್ಯ

ಹಳೇ ಹುಬ್ಬಳ್ಳಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮಹಾಂತಯ್ಯ, ಕಂಪ್ಯೂಟರ್ ಬಂದು ತರಗತಿಗಳು ಖಾಲಿಯಾದಾಗ, ಐವತ್ತರ ಗಡಿಯಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಕಲಿತರು. ಖಾಸಗಿ ಕಾಲೇಜೊಂದರ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕಮಾಂಡುಗಳ ಅರ್ಥ ಅವರಿಗೆ ಅಷ್ಟಕ್ಕಷ್ಟೇ. ಬೆರಳುಗಳಿಗೆ ಮಾತ್ರ ಎಲ್ಲವೂ ಬಾಯಿಪಾಠವಾಗಿತ್ತು.

೨೦೦೪ರಲ್ಲಿ ಆ ಸರ್ವರ್ ಕೆಟ್ಟುಹೋಯಿತು. ಹೊಸ ಯಂತ್ರದಲ್ಲಿ ಬಂದದ್ದು ಬೇರೆ ಬಗೆಯ ಲಿನಕ್ಸ್. ಕಾಲೇಜಿನ ಇಮೇಲ್ ನಡೆಸುವ ಸಾಫ್ಟ್‌ವೇರನ್ನು ಅದರಲ್ಲಿ ಹಾಕಬೇಕಿತ್ತು. ಮಹಾಂತಯ್ಯ ರೂಢಿಯ ಕಮಾಂಡ್ ಹೊಡೆದರು. ಅಂಥ ಕಮಾಂಡೇ ಇಲ್ಲ ಎಂದಿತು ಪರದೆ. ಸೈಬರ್ ಕೆಫೆಯಿಂದ ಫೈಲು ತಂದು ಹಾಕಿದರೆ ಅದು ಇನ್ನೊಂದು ಫೈಲು ಕೇಳಿತು. ಅದನ್ನೂ ತಂದರೆ ಮತ್ತೊಂದು. ರಾತ್ರಿ ಮನೆಯಲ್ಲಿ ಊಟದ ತಾಟನ್ನು ಅರ್ಧಕ್ಕೇ ಸರಿಸಿದರು.

“ಏನಾತ್ರಿ?” ಎಂದು ಹೆಂಡತಿ ಶಿವಲಿಂಗವ್ವ ಕೇಳಿದಳು.

“ಕಲ್ತದ್ದೆಲ್ಲಾ ಮತ್ತ ಹಳೇದಾತು ನೋಡು. ಇನ್ನೊಮ್ಮಿ ಕಲಿಯೋ ತಾಕತ್ತು ಉಳದಿಲ್ಲ.”

ಕೊನೆಗೆ ಪ್ರಾಚಾರ್ಯರು ಧಾರವಾಡದಿಂದ ಶಾಂಭವಿ ಎಂಬ ಇಂಜಿನಿಯರನ್ನು ಕರೆಸಿದರು. ತಂದಿಟ್ಟ ಚಹಾ ಆರುವುದರೊಳಗೆ ಸರ್ವರ್ ಓಡತೊಡಗಿತು.

“ಇದರಾಗ ಕಮಾಂಡ್ ಅಷ್ಟ ಬ್ಯಾರೆ ಐತ್ರಿ ಸರ್. ತೋರಿಸ್ಲೇನ್ರಿ?” ಎಂದಳು ಆಕೆ ಮೆತ್ತಗೆ.

“ಬ್ಯಾಡವ್ವಾ, ಸಾಕು” ಎಂದರು ಮಹಾಂತಯ್ಯ. ಸರ್ವರ್ ಕೋಣೆಯ ಕೀಲಿಕೈಯನ್ನು ಅವಳ ಮುಂದಿಟ್ಟು, ಚಪ್ಪಲಿ ಮೆಟ್ಟಿ ಹೊರಟರು. ಮರುದಿನ ಕಾಲೇಜಿನಿಂದ ಫೋನು ಬಂದಾಗ, ಕುರ್ಚಿಯಲ್ಲಿ ಕೂತಿದ್ದ ಅವರು ಅದನ್ನು ಎತ್ತಲು ಏಳಲಿಲ್ಲ.